ಗ್ಯಾರೇಜಿನಲ್ಲಿ ವಿಮಾನ: ನಟ್ಟು ಬೋಲ್ಟುಗಳ ಜೊತೆ ಆರು ವರ್ಷ

ಹೋದ ಶನಿವಾರ ಮಧ್ಯಾಹ್ನ ಒಂದು ಗುಲಾಬಿ ಬಣ್ಣದ ಕಾಗದ ನನ್ನ ಕೈಗೆ ಬಂತು. ಅಮೆರಿಕದ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, ಕೊಡುವ ಹಾರಾಟದ ಯೋಗ್ಯತಾ ಪತ್ರ ಅದು. ಓಹಾಯೋದ ಡೇಟನ್ ಹತ್ತಿರ ನಮ್ಮ ಮನೆ. ಅದರ ಗ್ಯಾರೇಜಿನಲ್ಲಿ ನಾನೂ ನನ್ನ ಗಂಡನೂ ಕೂಡಿ ಕಟ್ಟಿದ ಎರಡು ಸೀಟಿನ ಆರ್‌ವಿ-9ಎ ಈಗ ಕಾಗದದ ಲೆಕ್ಕದಲ್ಲೂ ವಿಮಾನವಾಗಿದೆ. 2018ರ ನವೆಂಬರಿನಲ್ಲಿ ಶುರು ಮಾಡಿದ್ದು. ಆರು ವರ್ಷ ಹಿಡಿಯಿತು.

ಎಂಜಿನ್ ಕೂರಿಸಿದ ಕಥೆ, ವೈರಿಂಗ್ ಕಥೆ ಇನ್ನೊಂದು ದಿನ ಹೇಳುತ್ತೇನೆ. ಇವತ್ತು ಬರೆಯುತ್ತಿರುವುದು ನಟ್ಟು, ಬೋಲ್ಟು, ಸ್ಕ್ರೂ, ರಿವಿಟ್‌ಗಳ ಬಗ್ಗೆ. ರಿವಿಟ್ ಅಂದರೆ ತಗಡುಗಳನ್ನು ಕೂಡಿಸಲು ತೂತಿಗೆ ಹಾಕಿ, ಬಾಲ ಚಪ್ಪಟೆಯಾಗುವ ಹಾಗೆ ಹೊಡೆಯುವ ಲೋಹದ ಮೊಳೆ. ನಮ್ಮನ್ನು ಜಾಸ್ತಿ ದಿನ ಕಾಯಿಸಿದ್ದು ಈ ಚಿಕ್ಕ ಸಾಮಾನುಗಳೇ. ಒಂದು ರಾತ್ರಿ ಒಂದೇ ಒಂದು ಬೋಲ್ಟು ಕೈಯಲ್ಲಿ ಹಿಡಿದು ಗ್ಯಾರೇಜಿನ ನೆಲದ ಮೇಲೆ ಕೂತು ಅತ್ತಿದ್ದೇನೆ. ಕನ್ನಡದವರು ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಅವರಿಗೆ ಆ ರಾತ್ರಿ ಬರಬಾರದು ಅನ್ನೋದು ನನ್ನ ಆಸೆ.

ನಾನು ಸಾಫ್ಟ್‌ವೇರ್ ಕೆಲಸದವಳು. ಪಾನಾ ಹಿಡಿದು ಬೆಳೆದವಳಲ್ಲ. ಆದರೆ ನನ್ನ ಸೋದರಮಾವ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಕಿರಣ್ ತರಬೇತಿ ವಿಮಾನದ ಜೋಡಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ನಾವು ಕಿಟ್, ಅಂದರೆ ಮನೆಯಲ್ಲೇ ಜೋಡಿಸುವ ವಿಮಾನದ ಬಿಡಿಭಾಗಗಳನ್ನು, ತರಿಸುತ್ತೇವೆ ಅಂದಾಗ ಮನೆಯಲ್ಲಿ ಎಲ್ಲರೂ ಗಾಬರಿಯಾದರು. ಮಾವ ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಬೋಲ್ಟು ಎಲ್ಲಿಂದ ತರ್ತೀಯಮ್ಮಾ?" ಆಗ ಅದು ನನಗೆ ಅರ್ಥ ಆಗಲಿಲ್ಲ.

ಮೊದಲು ಬಂದದ್ದು ಬಾಲದ ಭಾಗದ ಕಿಟ್. ಉದ್ದನೆಯ ಮರದ ಪೆಟ್ಟಿಗೆ. ತಗಡುಗಳ ಕೆಳಗೆ ಸಾಲಾಗಿ ಕಂದು ಕಾಗದದ ಪೊಟ್ಟಣಗಳು, ಒಂದೊಂದರ ಮೇಲೂ ಒಂದೊಂದು ನಂಬರು. ನಮಗೆ ಮೊದಲು ಹೇಳಿಕೊಟ್ಟ ಕೆಲಸ ಎಣಿಸುವುದು. ಪಟ್ಟಿ ಮುಂದಿಟ್ಟುಕೊಂಡು ಪೊಟ್ಟಣ ಬಿಚ್ಚಿ ಎಣಿಸಿದೆವು. ರಿವಿಟ್‌ಗಳನ್ನು ಒಂದೊಂದಾಗಿ ಎಣಿಸಲು ಆಗಲ್ಲ. ನೂರು ರಿವಿಟ್‌ಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಪೊಟ್ಟಣದ ತೂಕದಿಂದ ಲೆಕ್ಕ ಹಾಕಿದೆ. ಎರಡು ವಾರಾಂತ್ಯ ಇದಕ್ಕೇ ಹೋಯಿತು. ದಯವಿಟ್ಟು ಈ ಕೆಲಸ ಬಿಡಬೇಡಿ. ಎರಡು ವರ್ಷದ ನಂತರ ಒಂದು ನಟ್ಟು ಕಮ್ಮಿ ಬಂದರೆ, ಬಂದದ್ದೇ ಕಮ್ಮಿಯೋ ನೀವೇ ಎಲ್ಲೋ ಬೀಳಿಸಿದಿರೋ ಅಂತ ಹೇಳಲು ಬೇರೆ ದಾರಿಯೇ ಇರುವುದಿಲ್ಲ. ಬೀಳಿಸಿದ್ದು ವಿಮಾನದ ಒಳಗೇ ಇದ್ದರೆ?

ಆ ನಂಬರುಗಳು ಮೊದಲ ತಿಂಗಳು ತಲೆ ತಿಂದವು. ಉದಾಹರಣೆಗೆ ಒಂದು ಪೊಟ್ಟಣದ ಮೇಲೆ ಎಎನ್470ಎಡಿ4-5 ಅಂತಿರುತ್ತದೆ. ಎಎನ್ ಅನ್ನೋದು ಹಿಂದೆ ಅಮೆರಿಕದ ಸೇನೆ ಮತ್ತು ನೌಕಾಪಡೆ ಸೇರಿ ಮಾಡಿದ ಅಳತೆಯ ಪದ್ಧತಿ. 470 ಅಂದರೆ ತಲೆ ಉಬ್ಬಿರುವ ರಿವಿಟ್. ತಗಡಿನ ಮಟ್ಟಕ್ಕೆ ಸಮನಾಗಿ ಕೂರುವ ಚಪ್ಪಟೆ ತಲೆಯದ್ದಾದರೆ 426. ಎಡಿ ಅಂದರೆ 2117 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ. ಮುಂದಿನ 4 ದಪ್ಪ, ಇಂಚಿನ ಮೂವತ್ತೆರಡನೇ ಭಾಗದ ಲೆಕ್ಕದಲ್ಲಿ. ಅಂದರೆ ಎಂಟನೇ ಒಂದು ಇಂಚು. ಕೊನೆಯ 5 ಉದ್ದ, ಆದರೆ ಇದು ಹದಿನಾರನೇ ಭಾಗದ ಲೆಕ್ಕ. ಒಂದೇ ನಂಬರಿನೊಳಗೆ ಎರಡು ಅಳತೆ! ನಾನು ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದೆ. ಆರು ವರ್ಷವೂ ಅದು ಅಲ್ಲೇ ಇತ್ತು.

ನಂಬರು ಮರೆತರೂ ರಿವಿಟ್ ತಾನೇ ಗುರುತು ಹೇಳುತ್ತದೆ. ಎಡಿ ರಿವಿಟ್‌ನ ತಲೆಯ ನಡುವೆ ಸೂಜಿಮೊನೆಯಷ್ಟು ಗುಳಿ ಇರುತ್ತದೆ. ಮೆದು ಅಲ್ಯೂಮಿನಿಯಂನ ಎ ಜಾತಿಯದಕ್ಕೆ ಗುಳಿ ಇಲ್ಲ. ಎರಡೂ ನೋಡಲು ಹತ್ತಿರ ಹತ್ತಿರ, ಬಲದಲ್ಲಿ ಬಹಳ ದೂರ. ಆ ಗುಳಿಗೆ ಇನ್ನೊಂದು ಉಪಯೋಗವೂ ಇದೆ. ರಿವಿಟ್ ಕೆಟ್ಟರೆ ಡ್ರಿಲ್ ಮೊನೆಯನ್ನು ಅದರಲ್ಲೇ ಇಟ್ಟು ಕೊರೆದು ತೆಗೆಯಬಹುದು.

ನಾವು ಕೊರೆದು ತೆಗೆದಿದ್ದು ಕಮ್ಮಿಯಲ್ಲ. ಇಂಥ ವಿಮಾನಕ್ಕೆ ಹತ್ತು ಸಾವಿರಕ್ಕೂ ಮೇಲೆ ರಿವಿಟ್ ಬೇಕು. ನನ್ನ ಕೈಯಲ್ಲಿ ಗಾಳಿಯ ರಿವಿಟ್ ಗನ್, ತಗಡಿನ ಆ ಕಡೆ ಗಂಡನ ಕೈಯಲ್ಲಿ ಬಕಿಂಗ್ ಬಾರ್, ಅಂದರೆ ರಿವಿಟ್‌ನ ಬಾಲಕ್ಕೆ ಒತ್ತಿ ಹಿಡಿಯುವ ಉಕ್ಕಿನ ದಿಂಡು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. "ಹಿಡಿದೆ" ಅಂತ ಅವನು ಹೇಳಬೇಕು, "ಹೊಡೀತೀನಿ" ಅಂತ ನಾನು ಹೇಳಬೇಕು. ಒಂದು ಸಲ ಅವನು ಹೇಳುವ ಮುಂಚೆಯೇ ಹೊಡೆದೆ. ಬಾಲದ ರೆಕ್ಕೆಯ ಮೇಲ್ತಗಡಿನಲ್ಲಿ ಒಂದು ತಗ್ಗು ಬಿತ್ತು. ಈಗಲೂ ಬಿಸಿಲು ಓರೆಯಾಗಿ ಬಿದ್ದಾಗ ಕಾಣುತ್ತದೆ. ರಿವಿಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನೋದಕ್ಕೆ ಅಳತೆ ಇದೆ. ಹೊಡೆದ ಮೇಲೆ ಬಾಲದ ಅಗಲ ರಿವಿಟ್‌ನ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. ಆ ಅಳತೆಯ ಪುಟ್ಟ ಗೇಜ್ ಸಿಗುತ್ತದೆ, ಕೊಂಡುಕೊಳ್ಳಿ. ಕಣ್ಣಂದಾಜು ಮೊದಲ ವರ್ಷ ಮೋಸ ಮಾಡುತ್ತದೆ.

ರಿವಿಟ್ ಹೊಡೆಯುವ ತನಕ ತಗಡುಗಳನ್ನು ಹಿಡಿದಿಡಲು ಕ್ಲೀಕೋ ಅನ್ನುವ ಸ್ಪ್ರಿಂಗಿನ ಗೂಟಗಳು ಬೇಕು. ಬೆಳ್ಳಿ ಬಣ್ಣದ್ದು ಚಿಕ್ಕ ತೂತಿಗೆ, ತಾಮ್ರದ ಬಣ್ಣದ್ದು ಎಂಟನೇ ಒಂದು ಇಂಚಿನದಕ್ಕೆ. ನೂರು ಸಾಕು ಅಂದುಕೊಂಡಿದ್ದೆವು. ಕೊನೆಗೆ ನಮ್ಮ ಹತ್ತಿರ ಆರುನೂರು ಇದ್ದವು. ಈ ಊರಿನಲ್ಲಿ ವಿಮಾನ ಕಟ್ಟಿ ಮುಗಿಸಿದವರು ಅರ್ಧ ಬೆಲೆಗೆ ಮಾರುತ್ತಾರೆ. ಹೊಸತು ಕೊಳ್ಳುವ ಅಗತ್ಯವೇ ಇಲ್ಲ.

ಬೋಲ್ಟಿನ ವಿಷಯಕ್ಕೆ ಬರುತ್ತೇನೆ. ಇಲ್ಲೇ ನಮ್ಮ ಮೊದಲ ಚಳಿಗಾಲ ಹಾಳಾಗಿದ್ದು.

ಎಎನ್3 ಅಂದರೆ ದಪ್ಪ ಹದಿನಾರನೇ ಮೂರು ಇಂಚು. ಎಎನ್4 ಕಾಲಿಂಚು. ಎಎನ್5 ಹದಿನಾರನೇ ಐದು. ಇದು ಸುಲಭ. ಗೆರೆಯ ನಂತರ ಬರುವ ಸಂಖ್ಯೆ ಉದ್ದ, ಎಂಟನೇ ಭಾಗದ ಲೆಕ್ಕದಲ್ಲಿ. 5 ಅಂದರೆ ಸುಮಾರು ಎಂಟನೇ ಐದು ಇಂಚು. ನನಗೆ ಒಂದೂಕಾಲು ಇಂಚಿನ ಬೋಲ್ಟು ಬೇಕಿತ್ತು. ಎಂಟನೇ ಹತ್ತು ಅಂದರೆ ಒಂದೂಕಾಲು ಅಲ್ವಾ? ಹಾಗಾಗಿ ಎಎನ್3-10ಎ ಇಪ್ಪತ್ತೈದು ತರಿಸಿದೆ. ಬಂದದ್ದು ಒಂದು ಇಂಚಿನ ಬೋಲ್ಟು. ಯಾಕೆ ಗೊತ್ತಾ? ಈ ಪದ್ಧತಿಯಲ್ಲಿ 8, 9 ಇಲ್ಲ. 7 ಆದ ಮೇಲೆ ನೇರ 10. ಮೊದಲ ಅಂಕೆ ಪೂರ್ತಿ ಇಂಚು, ಎರಡನೇ ಅಂಕೆ ಎಂಟನೇ ಭಾಗ. 10 ಅಂದರೆ ಒಂದು ಇಂಚು ಸೊನ್ನೆ. 11 ಅಂದರೆ ಒಂದು ಇಂಚು ಮತ್ತು ಎಂಟನೇ ಒಂದು. ನನಗೆ ಬೇಕಿದ್ದದ್ದು 12. ಮಳಿಗೆಯವರದ್ದು ಏನೂ ತಪ್ಪಿಲ್ಲ, ಕೇಳಿದ್ದನ್ನೇ ಕಳಿಸಿದ್ದರು. ಬೋಲ್ಟು ಒಂದಕ್ಕೆ ಡಾಲರಿನ ಆಸುಪಾಸು. ಸಾಗಣೆಗೆ ಹದಿನಾಲ್ಕು ಡಾಲರ್, ಮತ್ತೆ ತರಿಸಲು ಇನ್ನೊಂದು ಹದಿನಾಲ್ಕು. ಆಮೇಲೆ 2020 ಬಂತು. ಎರಡನೇ ಸಲ ಬೇರೆ ಅಳತೆ ಬೇಕಾದಾಗ ಹನ್ನೊಂದು ವಾರ ಕಾದೆವು.

ಆ ಕೊನೆಯ ಎ ಅಕ್ಷರವನ್ನೂ ನೋಡಿ. ಎ ಇದ್ದರೆ ಬೋಲ್ಟಿನ ತುದಿಯಲ್ಲಿ ಕಾಟರ್ ಪಿನ್ನಿಗೆ, ಅಂದರೆ ನಟ್ಟು ಕಳಚದ ಹಾಗೆ ತೂರಿಸಿ ಮಡಚುವ ಪಿನ್ನಿಗೆ, ತೂತು ಇರುವುದಿಲ್ಲ. ಎ ಇಲ್ಲದಿದ್ದರೆ ತೂತು ಇರುತ್ತದೆ. ನಡುವೆ ಎಚ್ ಬಂದರೆ ತಲೆಯಲ್ಲಿ ತೂತು, ಸೇಫ್ಟಿ ವೈರ್, ಅಂದರೆ ಬೋಲ್ಟು ಸಡಿಲವಾಗದ ಹಾಗೆ ಕಟ್ಟುವ ತಂತಿ ಪೋಣಿಸಲು. ಆರ್ಡರ್ ಮಾಡುವಾಗ ಒಂದು ಅಕ್ಷರ ಬಿಟ್ಟರೆ ಬೇರೆಯದೇ ಸಾಮಾನು ಬರುತ್ತದೆ.

ಉದ್ದದ ಬಗ್ಗೆ ಇಷ್ಟು ಹಟ ಯಾಕೆ ಅಂತ ನನಗೂ ಮೊದಲು ಅನ್ನಿಸಿತ್ತು. ವಿಮಾನದ ಬೋಲ್ಟಿನಲ್ಲಿ ಥ್ರೆಡ್, ಅಂದರೆ ನಟ್ಟು ತಿರುಗುವ ಸುರುಳಿ ಗೆರೆ, ಇಲ್ಲದ ನುಣುಪು ಭಾಗ ಇದೆಯಲ್ಲ, ಅದಕ್ಕೆ ಗ್ರಿಪ್ ಅನ್ನುತ್ತಾರೆ. ಜೋಡಿಸುವ ತಗಡುಗಳ ಒಟ್ಟು ದಪ್ಪಕ್ಕೆ ಆ ಗ್ರಿಪ್ ಸಮ ಇರಬೇಕು. ತೂತಿನ ಒಳಗೆ ಥ್ರೆಡ್ ಕೂತರೆ ಭಾರ ಹೊರುವುದು ಥ್ರೆಡ್‌ನ ಚೂಪು ಅಂಚು. ಅದು ಗರಗಸದ ಹಾಗೆ ಅಲ್ಯೂಮಿನಿಯಂ ತಿನ್ನುತ್ತದೆ, ಬೋಲ್ಟು ಕೂಡ ಅಲ್ಲೇ ಮುರಿಯುತ್ತದೆ. ಗ್ರಿಪ್ ಉದ್ದವಾದರೆ ನಟ್ಟು ಥ್ರೆಡ್ ಮುಗಿದಲ್ಲಿ ನಿಂತುಬಿಡುತ್ತದೆ. ಬಿಗಿಯಾದ ಹಾಗೆ ಕೈಗೆ ಅನ್ನಿಸುತ್ತದೆ, ತಗಡುಗಳು ಮಾತ್ರ ಸಡಿಲವಾಗಿಯೇ ಇರುತ್ತವೆ. ಸ್ವಲ್ಪ ವ್ಯತ್ಯಾಸಕ್ಕೆ ವಾಷರ್ ಇದೆ. ಎಎನ್960 ಅನ್ನುವ ವಾಷರ್, ಅದರಲ್ಲೇ ಎಲ್ ಅಕ್ಷರದ್ದು ಅರ್ಧ ದಪ್ಪ. ಎರಡೂ ಬಗೆ ಡಬ್ಬಿ ತುಂಬ ಇಟ್ಟುಕೊಳ್ಳಿ. ಒಂದು ಬೋಲ್ಟಿಗೆ ಮೂರು ವಾಷರ್ ಮೀರಿದರೆ ಬೋಲ್ಟಿನ ಉದ್ದವೇ ತಪ್ಪು ಅಂತ ತಿಳಿಯಿರಿ.

ನಟ್ಟುಗಳಲ್ಲಿ ನಮಗೆ ಮೂರು ಜಾತಿ ಮುಖ್ಯ. ಎಎನ್365, ಒಳಗೆ ನೈಲಾನ್ ಬಳೆ ಇರುವುದು. ಆ ಬಳೆಯೇ ಥ್ರೆಡ್ ಹಿಡಿದುಕೊಂಡು ನಟ್ಟು ಸಡಿಲವಾಗದ ಹಾಗೆ ನೋಡಿಕೊಳ್ಳುತ್ತದೆ. ವಿಮಾನದಲ್ಲಿ ಬಹುಪಾಲು ಇದೇ. ಆದರೆ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 121 ಸೆಲ್ಸಿಯಸ್ ದಾಟುವ ಜಾಗದಲ್ಲಿ ಇದನ್ನು ಹಾಕಬಾರದು. ಎಂಜಿನ್ ಕಡೆ, ಎಕ್ಸಾಸ್ಟ್ ಪೈಪಿನ ಹತ್ತಿರ ಪೂರ್ತಿ ಲೋಹದ ಎಎನ್363 ಬೇಕು. ಇನ್ನು ಬೋಲ್ಟು ತಿರುಗುವ ಕೀಲುಗಳಿದ್ದರೆ ನೈಲಾನ್ ನಟ್ಟು ನಂಬಬಾರದು. ಅಲ್ಲಿ ಕಿರೀಟದ ಹಾಗೆ ಸೀಳು ಇರುವ ಎಎನ್310, ಅದರ ಮೇಲೆ ಕಾಟರ್ ಪಿನ್. ಪಿನ್ ಒಮ್ಮೆ ತೆಗೆದರೆ ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು. ನೈಲಾನ್ ನಟ್ಟು ಬರೀ ಬೆರಳಲ್ಲಿ ಪೂರ್ತಿ ತಿರುಗಿದರೆ ಅದರ ಆಯಸ್ಸು ಮುಗಿದಿದೆ, ಕಸದ ಬುಟ್ಟಿಗೆ ಹಾಕಿ.

ಬಿಗಿ ಮಾಡುವುದಕ್ಕೂ ಲೆಕ್ಕ ಇದೆ. ತಿರುಗಿಸುವ ಬಲಕ್ಕೆ ಟಾರ್ಕ್ ಅನ್ನುತ್ತಾರೆ, ಅದರ ಅಳತೆ ಇಂಚು-ಪೌಂಡ್. ಎಎನ್3ಕ್ಕೆ 20ರಿಂದ 25 ಇಂಚು-ಪೌಂಡ್, ಎಎನ್4ಕ್ಕೆ 50ರಿಂದ 70. ಕಾರಿನ ಚಕ್ರದ ನಟ್ಟಿಗೆ ಸಾವಿರ ಇಂಚು-ಪೌಂಡ್ ಹತ್ತಿರ ಹಾಕುತ್ತಾರೆ. ಅದರ ಮುಂದೆ ಇದು ಬಹಳ ಕಮ್ಮಿ. ನಮ್ಮ ಕಾರಿನ ಟಾರ್ಕ್ ವ್ರೆಂಚ್, ಅಂದರೆ ಆ ಬಲ ಅಳೆಯುವ ಪಾನಾ, ಇದಕ್ಕೆ ಬರುವುದಿಲ್ಲ, ಚಿಕ್ಕದನ್ನೇ ಕೊಳ್ಳಬೇಕು. ನೈಲಾನ್ ನಟ್ಟು ತಿರುಗುವುದಕ್ಕೇ ಸ್ವಲ್ಪ ಬಲ ತೆಗೆದುಕೊಳ್ಳುತ್ತದೆ. ಅದು ತಗಡಿಗೆ ತಾಗುವ ಮುಂಚೆ ಎಷ್ಟು ಬಲ ಬೇಕು ಅಂತ ಅಳೆದು, ಅಷ್ಟನ್ನು ಸೇರಿಸಬೇಕು. ಅದು 6 ಇದ್ದರೆ, 25ರ ಬದಲು 31. ಸಾಧ್ಯವಿದ್ದ ಕಡೆಯೆಲ್ಲ ಬೋಲ್ಟನ್ನು ಅಲ್ಲಾಡದ ಹಾಗೆ ಹಿಡಿದು ನಟ್ಟನ್ನೇ ತಿರುಗಿಸಬೇಕು. ಬಿಗಿಯಾದ ಮೇಲೆ ನಟ್ಟಿನಿಂದ ತಗಡಿನವರೆಗೆ ಬಣ್ಣದ ಒಂದು ಗೆರೆ ಎಳೆಯಬೇಕು. ಆಮೇಲೆ ಗೆರೆ ಒಡೆದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ನಾವು ಕಿತ್ತಳೆ ಬಣ್ಣ ಹಾಕಿದೆವು.

ಮಾವನಿಗೆ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುತ್ತಿದ್ದೆ. ಇಲ್ಲಿ ರಾತ್ರಿ, ಅಲ್ಲಿ ಬೆಳಗಿನ ಕಾಫಿ ಹೊತ್ತು. ಒಂದು ದಿನ ಫೋನನ್ನು ರೆಕ್ಕೆಯ ಒಳಗೆ ಹಿಡಿದು ತೋರಿಸುತ್ತಿದ್ದೆ. "ಅಲ್ಲಿ ನಿಲ್ಸು. ಆ ಬೋಲ್ಟಿನ ತಲೆ ಯಾಕೆ ಕೆಳಗಿದೆ?" ಅಂದರು. ಪಾನಾ ಹಾಕಲು ಸುಲಭ ಅಂತ ನಾನು ಕೆಳಗಿನಿಂದ ತೂರಿಸಿದ್ದೆ. "ತಲೆ ಮೇಲಿರಬೇಕು, ಇಲ್ಲಾ ಮುಂದಕ್ಕಿರಬೇಕು. ನಾಳೆ ನಟ್ಟು ಬಿದ್ದುಹೋದ್ರೂ ಬೋಲ್ಟು ಅಲ್ಲೇ ಕೂತಿರತ್ತೆ ಕಣಮ್ಮಾ." ಅಂಥವು ಆರು ಇದ್ದವು. ಎಲ್ಲ ತಿರುಗಿಸಿ ಹಾಕಿದೆ. ಜಾಗ ಇಲ್ಲದ ಕಡೆ ನಕ್ಷೆಯೇ ಬೇರೆ ದಿಕ್ಕು ಹೇಳಿದ್ದರೆ ಅದನ್ನು ಪಾಲಿಸಿ.

ಸ್ಕ್ರೂಗಳಲ್ಲಿ ಒಂದೇ ವಿಷಯ ನೆನಪಿಡಿ. ಚಪ್ಪಟೆ ತಲೆಯ ಸ್ಕ್ರೂವಿನ ಕೆಳಭಾಗ ಶಂಕುವಿನ ಹಾಗೆ ಇಳಿಜಾರಾಗಿರುತ್ತದಲ್ಲ, ವಿಮಾನದ್ದಕ್ಕೆ ಆ ಕೋನ 100 ಡಿಗ್ರಿ. ಇಲ್ಲಿನ ಹಾರ್ಡ್‌ವೇರ್ ಅಂಗಡಿಯದ್ದು 82 ಡಿಗ್ರಿ. 100ರ ಕುಳಿಯಲ್ಲಿ 82ರ ಸ್ಕ್ರೂ ಹಾಕಿದರೆ ಮೇಲಿನಿಂದ ಸರಿಯಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಒಂದು ಸಣ್ಣ ಅಂಚಿನ ಮೇಲೆ ನಿಂತಿರುತ್ತದೆ. ಸ್ಕ್ರೂ ಹಿಡಿಯುವುದು ನಟ್‌ಪ್ಲೇಟ್, ಅಂದರೆ ತಗಡಿನ ಹಿಂದೆ ಎರಡು ಪುಟ್ಟ ರಿವಿಟ್‌ಗಳಿಂದ ಕೂರಿಸಿದ ನಟ್ಟು. ಹೊಸದರಲ್ಲಿ ಬಹಳ ಬಿಗಿ. ಸ್ಕ್ರೂವಿಗೆ ಸ್ವಲ್ಪ ಮೇಣ ಹಚ್ಚಿ, ಸರಿಯಾದ ಅಳತೆಯ ಬಿಟ್ ಹಾಕಿ ನಿಧಾನಕ್ಕೆ ತಿರುಗಿಸಿ. ಆತುರಪಟ್ಟರೆ ತಲೆಯ ಕಚ್ಚು ಸವೆದು, ಕೊರೆದು ತೆಗೆಯಬೇಕಾಗುತ್ತದೆ.

ಆಡೆಲ್ ಕ್ಲ್ಯಾಂಪ್ ಬಗ್ಗೆ ಕೇಳಿರಬಹುದು. ಕೊಳವೆ, ವೈರುಗಳನ್ನು ಹಿಡಿದಿಡುವ, ರಬ್ಬರ್ ಹೊದಿಸಿದ ಲೋಹದ ಪಟ್ಟಿ. ಎರಡು ಕಿವಿಗಳನ್ನು ಕೂಡಿಸಿ ಹಿಡಿದು ಅದೇ ಹೊತ್ತಿಗೆ ಬೋಲ್ಟು ತೂರಿಸಲು ಮೂರನೇ ಕೈ ಬೇಕು. ಸೇಫ್ಟಿ ವೈರನ್ನು ಕ್ಲ್ಯಾಂಪಿನ ಸುತ್ತ ಕಟ್ಟಿ ತಿರುಚಿದರೆ ಕಿವಿಗಳು ಕೂಡುತ್ತವೆ. ಬೋಲ್ಟು ಕೂತ ಮೇಲೆ ವೈರ್ ಕತ್ತರಿಸಿ ತೆಗೆಯಿರಿ. ಕತ್ತರಿಸಿದ ತುಂಡು ಎಣಿಸಿ.

ಈಗ ಆ ರಾತ್ರಿಯ ಕಥೆ.

ಇಎಎ ಅಂತ ಇಲ್ಲಿ ಒಂದು ಸಂಘ ಇದೆ. ಸ್ವಂತ ವಿಮಾನ ಕಟ್ಟುವವರಿಗಾಗಿ 1953ರಲ್ಲಿ ಪಾಲ್ ಪೊಬೆರೆಜ್ನಿ ಶುರು ಮಾಡಿದ್ದು. ಅದರಲ್ಲಿ ಟೆಕ್ನಿಕಲ್ ಕೌನ್ಸಿಲರ್ ಅಂತ ಅನುಭವಸ್ಥರು ಇರುತ್ತಾರೆ. ಸದಸ್ಯರಾದರೆ ಹಣ ತೆಗೆದುಕೊಳ್ಳದೆ ಮನೆಗೇ ಬಂದು ಕೆಲಸ ನೋಡಿ ಸಲಹೆ ಕೊಡುತ್ತಾರೆ. ನಮ್ಮ ಕಡೆಯವರು ಎಪ್ಪತ್ತು ದಾಟಿದ ಹಿರಿಯರು, ಹಿಂದೆ ವಿಮಾನ ಮೆಕ್ಯಾನಿಕ್. 2022ರ ಮಾರ್ಚಿನಲ್ಲಿ ಬಂದರು. ಬಲರೆಕ್ಕೆಯ ಒಳಗೆ ಟಾರ್ಚ್ ಬಿಟ್ಟರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಪುಟ್ಟ ಕನ್ನಡಿ ಕೇಳಿದರು. ಆಮೇಲೆ ನನ್ನನ್ನು ಕರೆದು, "ಈ ಬೋಲ್ಟಿನ ತಲೆ ಮೇಲೆ ಏನಿದೆ ಓದು" ಅಂದರು.

ಐಲರಾನ್ ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲ್ಲಾಡುವ ಪಟ್ಟಿ. ಅದನ್ನು ಅಲುಗಾಡಿಸುವ ಬೆಲ್‌ಕ್ರ್ಯಾಂಕ್ ಅನ್ನುವ ಕೀಲುತುಂಡಿನ ಕಾಲಿಂಚು ಬೋಲ್ಟು ಅದು. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಬಲ ಅದರ ಮೂಲಕವೇ ಹೋಗುವುದು. ಎಎನ್ ಉಕ್ಕಿನ ಬೋಲ್ಟಿನ ತಲೆ ಮೇಲೆ ಅಡ್ಡ ಗೆರೆಗಳ ಗುಣಿಸುವ ಚಿಹ್ನೆಯೋ ನಕ್ಷತ್ರವೋ ಇರುತ್ತದೆ. ಇದರ ಮೇಲೆ ಅಂಚಿನಿಂದ ಒಳಕ್ಕೆ ಆರು ಗೆರೆ, ನಡುವೆ ಖಾಲಿ. ಅಂದರೆ ಗ್ರೇಡ್ 8. ಹಾರ್ಡ್‌ವೇರ್ ಅಂಗಡಿಯ ಬೋಲ್ಟು. ಬಣ್ಣ ಹೊಂಬಣ್ಣ. ಕ್ಯಾಡ್ಮಿಯಂ ಲೇಪನದ ನಮ್ಮ ಎಎನ್ ಬೋಲ್ಟುಗಳದ್ದೂ ಹೊಂಬಣ್ಣವೇ.

ತಕ್ಷಣ ನೆನಪಾಯಿತು. ಆ ಹನ್ನೊಂದು ವಾರ ಕಾಯುವಾಗ ಸುಮ್ನೆ ಕೂರುವ ಬದಲು ಅಳತೆ ನೋಡೋಣ ಅಂತ ಅಂಗಡಿಯಿಂದ ಬೋಲ್ಟು ತಂದು ತಾತ್ಕಾಲಿಕವಾಗಿ ಹಾಕಿದ್ದೆ. ಸರಿಯಾದದ್ದು ಬಂದ ದಿನ ಇದನ್ನು ಬದಲಿಸಲಿಲ್ಲ. ಅದರ ಮೇಲೆ ಕಿತ್ತಳೆ ಗೆರೆಯನ್ನೂ ಎಳೆದುಬಿಟ್ಟಿದ್ದೆ.

ನನ್ನ ಗಂಡ ಕೇಳಿದ್ದು ನ್ಯಾಯವಾದ ಪ್ರಶ್ನೆ. ಗ್ರೇಡ್ 8ರ ಬಲ ಚದರ ಇಂಚಿಗೆ 1,50,000 ಪೌಂಡ್, ಎಎನ್‌ದು 1,25,000. ಜಾಸ್ತಿ ಬಲ ಇರುವುದನ್ನು ಯಾಕೆ ತೆಗೆಯಬೇಕು? ಹಿರಿಯರು ಬೋಲ್ಟನ್ನು ಹೊರಗೆ ತೆಗೆಸಿ ಮೇಜಿನ ಮೇಲೆ ಎಎನ್ ಬೋಲ್ಟಿನ ಪಕ್ಕದಲ್ಲಿಟ್ಟರು. ಅಂಗಡಿಯದರ ಥ್ರೆಡ್ ಉದ್ದ, ಗ್ರಿಪ್ ಗಿಡ್ಡ. ಥ್ರೆಡ್ ಆಗಲೇ ತೂತಿನ ಅಂಚಿಗೆ ಗುರುತು ಮಾಡಿತ್ತು. ಗಟ್ಟಿ ಉಕ್ಕು ಬಾಗುವ ಬದಲು ಮುರಿಯುವುದು ಜಾಸ್ತಿ, ಎಎನ್ ಬೋಲ್ಟು ಮುರಿಯುವ ಮುಂಚೆ ಸ್ವಲ್ಪ ಬಾಗುತ್ತದೆ ಅಂದರು. ಅದಕ್ಕಿಂತ ಮುಖ್ಯವಾಗಿ, ನಕ್ಷೆ ಬರೆದವರು ಯಾವ ಬೋಲ್ಟಿನ ಲೆಕ್ಕ ಹಾಕಿದ್ದಾರೋ ಅದೇ ಇರಬೇಕು.

ಆಮೇಲೆ ಬ್ರಿಟಿಷ್ ಏರ್‌ವೇಸ್ 5390ರ ಕಥೆ ಹೇಳಿದರು. 1990ರ ಜೂನ್ 10. ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಲಗಾಕ್ಕೆ ಹೊರಟ ವಿಮಾನ. ಹದಿನೇಳು ಸಾವಿರ ಅಡಿ ಎತ್ತರದಲ್ಲಿ ಪೈಲಟ್ ಮುಂದಿನ ಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು. ಹಾರಾಟಕ್ಕೆ 27 ಗಂಟೆ ಮುಂಚೆ ಆ ಗಾಜನ್ನು ಬದಲಿಸಿದ್ದರು. 90 ಬೋಲ್ಟುಗಳಲ್ಲಿ 84 ಬೋಲ್ಟುಗಳು ಬೇಕಾದದ್ದಕ್ಕಿಂತ 0.026 ಇಂಚಿನಷ್ಟು ತೆಳ್ಳಗಿದ್ದವು. ಉಳಿದ ಆರು ಗಿಡ್ಡ. ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ಕಣ್ಣಳತೆಯಲ್ಲಿ ಹೊಂದಿಸಿ ತೆಗೆದದ್ದು. ನಾನು ಮಾಡಿದ್ದೂ ಅದನ್ನೇ ಅಲ್ವಾ?

ಅವರು ಬೈಯಲಿಲ್ಲ. ಹೋಗುವಾಗ ಇಷ್ಟೇ ಹೇಳಿದರು: ಒಂದು ಸಿಕ್ಕಿದೆ, ಇನ್ನೆಷ್ಟಿವೆ ಅಂತ ನಿಮಗೆ ಗೊತ್ತಾ? ನಮಗೆ ಗೊತ್ತಿರಲಿಲ್ಲ. ಆ ರಾತ್ರಿಯೇ ನಾನು ಅತ್ತದ್ದು. ಬೆಳಗಿನ ಜಾವ ಮಾವನಿಗೆ ಫೋನ್ ಮಾಡಿದೆ. "ಲೆಕ್ಕ ಸಿಗದ ನಟ್ಟು ಒಂದಿದ್ರೂ ನಾವು ಶಿಫ್ಟ್ ಬಿಟ್ಟು ಏಳ್ತಿರ್ಲಿಲ್ಲಮ್ಮಾ. ಅಳೋದು ಆಮೇಲೆ. ಮೊದಲು ಎಲ್ಲಾ ಬಿಚ್ಚು" ಅಂದರು.

ಮೂರು ವಾರಾಂತ್ಯ ಎಲ್ಲಾ ಬಿಚ್ಚಿದೆವು. ನಕ್ಷೆಯ ಒಂದೊಂದು ಪುಟದ ಒಂದೊಂದು ಬೋಲ್ಟಿಗೂ ಒಂದು ಸಾಲು. ನಂಬರು, ತಲೆಯ ಗುರುತು, ವಾಷರ್, ನಟ್ಟು, ಟಾರ್ಕ್, ಫೋಟೊ, ದಿನಾಂಕ. ಅವನು ಓದುತ್ತಾನೆ, ನಾನು ನೋಡಿ ಹೇಳುತ್ತೇನೆ. ಇನ್ನೊಂದು ಅಂಗಡಿ ಬೋಲ್ಟು ಸಿಕ್ಕಿತು, ಸೀಟಿನ ಕೆಳಗೆ. ಎಂಜಿನ್ ಕಡೆ ಬಿಸಿ ಜಾಗದಲ್ಲಿ ನಾಲ್ಕು ನೈಲಾನ್ ನಟ್ಟು ಸಿಕ್ಕಿದವು. ಬೆಲ್‌ಕ್ರ್ಯಾಂಕಿನ ತೂತನ್ನು ಅಳೆದು ನೋಡಿದೆವು. ಮಿತಿ ಮೀರಿತ್ತು. ಆ ಭಾಗವನ್ನೇ ಹೊಸದಾಗಿ ತರಿಸಿದೆವು. 46 ಡಾಲರ್, ಐದು ವಾರ.

ನಿಮಗೆ ಹೇಳುವುದು ಇಷ್ಟೇ. ತಾತ್ಕಾಲಿಕ ಬೋಲ್ಟು ಹಾಕಲೇಬೇಕಾಗುತ್ತದೆ, ಎಲ್ಲರೂ ಹಾಕುತ್ತಾರೆ. ಆದರೆ ತರುವ ದಿನವೇ ಅದರ ತಲೆಗೆ ಕೆಂಪು ಬಣ್ಣ ಬಳಿಯಿರಿ, ಕೆಂಪು ಟೇಪಿನ ಬಾಲ ಕಟ್ಟಿ. ಎಷ್ಟು ಹಾಕಿದ್ದೀರಿ ಅಂತ ಗೋಡೆ ಮೇಲೆ ಬರೆಯಿರಿ. ಗೋಡೆಯ ಲೆಕ್ಕ ಸೊನ್ನೆ ಆಗುವ ತನಕ ರೆಕ್ಕೆ ಮುಚ್ಚಬೇಡಿ. ಕಿತ್ತಳೆ ಗೆರೆಯನ್ನು ನಂಬರು ಓದಿದ ಮೇಲೆಯೇ ಎಳೆಯಿರಿ.

ರೆಕ್ಕೆಯನ್ನು ದೇಹಕ್ಕೆ ಸೇರಿಸುವ ದೊಡ್ಡ ಬೋಲ್ಟುಗಳು ಎಎನ್ ಜಾತಿಯವಲ್ಲ. ತೂತಿಗೆ ಕೂದಲೆಳೆಯಷ್ಟೂ ಜಾಗ ಬಿಡದ, ಬಹಳ ನಿಖರ ಅಳತೆಯವು. ರಾತ್ರಿಯೆಲ್ಲ ಅವನ್ನು ಫ್ರೀಜರಿನಲ್ಲಿ, ಇಡ್ಲಿ ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟಿದ್ದೆವು. ತಣ್ಣಗಾದರೆ ಒಂದಿಷ್ಟು ಕುಗ್ಗುತ್ತವೆ. ಸ್ವಲ್ಪ ಗ್ರೀಸ್ ಸವರಿ, ಮೆಲ್ಲಗೆ ತಟ್ಟಿದರೆ ಒಳಗೆ ಹೋದವು. ಇಡೀ ಆರು ವರ್ಷದಲ್ಲಿ ನನಗೆ ಅತಿ ಖುಷಿ ಕೊಟ್ಟ ದಿನ ಅದು.

ಸೇಫ್ಟಿ ವೈರ್ ಕಲಿಯಲು ತಿಂಗಳು ಹಿಡಿಯಿತು. ಪ್ರೊಪೆಲರ್ ಬೋಲ್ಟು, ಬ್ರೇಕ್ ಕ್ಯಾಲಿಪರ್ ಬೋಲ್ಟುಗಳ ತಲೆಯ ತೂತಿನಲ್ಲಿ ಸ್ಟೇನ್‌ಲೆಸ್ ತಂತಿ ಪೋಣಿಸಿ, ಒಂದಕ್ಕೊಂದು ಕಟ್ಟುವುದು. 0.032 ಇಂಚಿನ ತಂತಿಗೆ ಒಂದು ಇಂಚಿಗೆ ಆರರಿಂದ ಎಂಟು ಸುತ್ತು. ಬೋಲ್ಟು ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿ ಮಾಡುವ ಕಡೆಗೇ ಎಳೆಯಬೇಕು. ದಿಕ್ಕು ತಪ್ಪಿದರೆ ತಂತಿ ಇದ್ದೂ ಇಲ್ಲದ ಹಾಗೆ. ಒಂದು ಮರದ ತುಂಡಿನಲ್ಲಿ ಹಳೆ ಬೋಲ್ಟು ಕೂರಿಸಿ ಅದರ ಮೇಲೆ ಅಭ್ಯಾಸ ಮಾಡಿ. ತುದಿಯನ್ನು ಒಳಕ್ಕೆ ಮಡಚಿ, ಇಲ್ಲದಿದ್ದರೆ ಕೈ ಹರಿಯುತ್ತದೆ.

ಕಾಗದಪತ್ರಗಳು. ಎನ್-ನಂಬರ್, ಅಂದರೆ ವಿಮಾನದ ನೋಂದಣಿ ಸಂಖ್ಯೆ, ಕಾದಿರಿಸಲು ನಾವು ಕೊಟ್ಟದ್ದು 10 ಡಾಲರ್. ನೋಂದಣಿಗೆ 5 ಡಾಲರ್. ಕಿಟ್ ನಿಮ್ಮದೇ ಅನ್ನುವ 8050-88 ಪ್ರಮಾಣಪತ್ರ, ಕಿಟ್ ಮಾರಿದವರ ಬಿಲ್, ಅರ್ಧಕ್ಕಿಂತ ಹೆಚ್ಚು ಕೆಲಸ ನೀವೇ ಮಾಡಿದ್ದೀರಿ ಅನ್ನುವ 8130-12, ಅರ್ಜಿ 8130-6, ತೂಕದ ಲೆಕ್ಕ. ಇವೆಲ್ಲದರ ಜೊತೆ ಕೆಲಸದ ದಿನಚರಿ. ಪರೀಕ್ಷೆಗೆ ಎಫ್‌ಎಎ ಅಧಿಕಾರಿಯೇ ಬಂದರೆ ಶುಲ್ಕ ಇಲ್ಲ, ಆದರೆ ನಮಗೆ ಬಹಳ ಕಾಯಬೇಕಿತ್ತು. ಎಫ್‌ಎಎ ನೇಮಿಸಿದ ಖಾಸಗಿ ಪರೀಕ್ಷಕರನ್ನು ಕರೆದೆವು. 800 ಡಾಲರ್.

ಅವರು ನಾಲ್ಕು ಗಂಟೆ ನೋಡಿದರು. ಎಲ್ಲ ಮುಚ್ಚಳ ತೆಗೆದಿಡಲು ಮೊದಲೇ ಹೇಳಿದ್ದರು. ಎಂಜಿನ್ ಹತ್ತಿರ ಇಪ್ಪತ್ತು ನಿಮಿಷ. ಉಳಿದ ಹೊತ್ತೆಲ್ಲ ಟಾರ್ಚ್, ಕನ್ನಡಿ, ಬೋಲ್ಟಿನ ತಲೆಗಳು. ಬಲರೆಕ್ಕೆಯ ಆ ಬೆಲ್‌ಕ್ರ್ಯಾಂಕಿನ ಹತ್ತಿರ ಟಾರ್ಚ್ ನಿಂತಾಗ ನನ್ನ ಬಾಯಿ ಒಣಗಿತ್ತು. ಮುಂದೆ ಹೋಯಿತು. ಆಮೇಲೆ ನಮ್ಮ ಬೋಲ್ಟಿನ ಪಟ್ಟಿ ಕೇಳಿ, ಅಲ್ಲಲ್ಲಿ ಬೆರಳಿಟ್ಟು ಫೋಟೊ ತೋರಿಸಿ ಅಂದರು. ಒಂದೇ ಒಂದು ಕಡೆ ನಿಲ್ಲಿಸಿದರು. ಎಲಿವೇಟರ್, ಅಂದರೆ ವಿಮಾನದ ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ, ಅದರ ತಳ್ಳುಕೋಲಿನ ತುದಿಯನ್ನು ತಿರುಗದ ಹಾಗೆ ಹಿಡಿಯುವ ಜಾಮ್ ನಟ್ಟಿಗೆ ಕಿತ್ತಳೆ ಗೆರೆ ಇರಲಿಲ್ಲ. ಪಾನಾ ಹಾಕಿ ನೋಡಿದೆವು, ಬಿಗಿಯಾಗಿಯೇ ಇತ್ತು. ಗೆರೆ ಎಳೆದೆ. ಆ ಮೇಜಿನ ಮೇಲೇ ಗುಲಾಬಿ ಕಾಗದಕ್ಕೆ ಸಹಿ ಹಾಕಿದರು.

ಕಿಟ್‌ನ ಹೊರಗೆ ನಟ್ಟು, ಬೋಲ್ಟು, ರಿವಿಟ್‌ಗೆ ಮಾತ್ರ ನಾವು ಹಾಕಿದ್ದು 740 ಡಾಲರ್. ಅದರಲ್ಲಿ 290 ಬರೀ ಸಾಗಣೆ. ಸಾಮಾನ್ಯ ಅಳತೆಗಳ ಬೋಲ್ಟು, ವಾಷರ್, ನಟ್ಟುಗಳನ್ನು ಮೊದಲ ದಿನವೇ ಹತ್ತು ಹತ್ತು ಜಾಸ್ತಿ ತರಿಸಿದ್ದರೆ ಅರ್ಧ ಉಳಿಯುತ್ತಿತ್ತು, ತಿಂಗಳುಗಳೂ ಉಳಿಯುತ್ತಿದ್ದವು.

ಇನ್ನು ಪರೀಕ್ಷಾ ಹಾರಾಟ. ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲರ್ ಜೋಡಿ ಇದ್ದರೆ 25 ಗಂಟೆ, ಇಲ್ಲದಿದ್ದರೆ 40. ನಮಗೆ 40 ಬರೆದಿದ್ದಾರೆ. ವರ್ಷಕ್ಕೊಮ್ಮೆ ತಪಾಸಣೆ ಮಾಡಲು ಕಟ್ಟಿದವರಿಗೆ ಕೊಡುವ ರಿಪೇರ್‌ಮ್ಯಾನ್ ಪರವಾನಗಿ ಒಂದು ವಿಮಾನಕ್ಕೆ ಒಬ್ಬರಿಗೇ ಸಿಗುವುದು. ಅರ್ಜಿ ನನ್ನ ಹೆಸರಿನಲ್ಲಿ ಹಾಕಿದ್ದೇವೆ. ಮೊದಲ ಹಾರಾಟದ ನಂತರ ಕೌಲಿಂಗ್, ಅಂದರೆ ಎಂಜಿನ್ ಮುಚ್ಚಳ, ಬಿಚ್ಚಿ ಗೆರೆಗಳನ್ನೆಲ್ಲ ಮತ್ತೆ ನೋಡಬೇಕು. ಮಾವ ಆ ಹೊತ್ತಿಗೆ ಫೋನಿನಲ್ಲಿ ಇರುತ್ತೇನೆ ಅಂದಿದ್ದಾರೆ.

ಎಎನ್3-10ಎ ಬೋಲ್ಟುಗಳು ಇನ್ನೂ ಹದಿನೆಂಟು ಉಳಿದಿವೆ, ಪೊಟ್ಟಣ ಬಿಲ್ ಸಮೇತ. ಆರುನೂರು ಕ್ಲೀಕೋಗಳೂ ಇವೆ. ಡೇಟನ್ ಸುತ್ತಮುತ್ತ ಯಾರಾದರೂ ಕಟ್ಟುತ್ತಿದ್ದರೆ ತಿಳಿಸಿ, ಬಂದು ತೆಗೆದುಕೊಂಡು ಹೋಗಿ.